ಎರಡು ಇಂಚು ಬಿಟ್ಟ ಕಾಕಾ

ನಮ್ಮ ಕಾಕಾ ಹೊಲಿದ ಅಂಗಿ ಹೊಲಿದ ವರ್ಷವೇ ಯಾರಿಗಾದರೂ ಸರಿಹೋಗಿದ್ದರೆ ಮೂಡಲಗಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳಲಿ, ಈ ಹಾಳೆಯನ್ನೇ ಹರಿದುಹಾಕುತ್ತೇನೆ! ಬೆಳೆಯುವ ಮಕ್ಕಳ ಬಟ್ಟೆಗೆ ಎರಡು ಇಂಚು ಹೆಚ್ಚು ಬಿಡುವುದು ಎಲ್ಲ ದರ್ಜಿಗಳ ಪದ್ಧತಿ. ಕಾಕಾ ಮದುಮಗನ ಸಫಾರಿಗೂ ಬಿಡುತ್ತಿದ್ದ. ಕೇಳಿದರೆ, "ಮದವಿ ಆದಮ್ಯಾಲ ಮನಷ್ಯಾ ಬೆಳಿಯೂದಿಲ್ಲೇನು? ನಿನ್ನ ಹೊಟ್ಟಿ ನೋಡ್ಕೊ!" ಎನ್ನುತ್ತಿದ್ದ.

ಇಂಥ ಕಾಕಾ ತೊಂಬತ್ತರ ದಶಕದ ಕೊನೆಯಲ್ಲಿ, ತನ್ನ ನಲವತ್ತೇಳನೆಯ ವಯಸ್ಸಿನಲ್ಲಿ, ರೊಟ್ಟಿ ಮುರಿಯುತ್ತ ಹೇಳಿದ: "ನಾಳಿಂದ ಹೊಲಿಗಿ ಬಂದ್. ಗೋಕಾಕಕ್ಕ ಹೋಗಿ ಕಂಪ್ಯೂಟರ್ ಪ್ರೋಗ್ರಾಮ್ ಬರಿಯೂದು ಕಲೀತೇನಿ."

ಅವನ ಹೆಂಡತಿ, ನಮ್ಮ ಕಾಕುವಿನ ಕೈಯ ಸೌಟು ಅಲ್ಲೇ ನಿಂತಿತು. ನಾನು ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಕಂಪ್ಯೂಟರನ್ನು ಕಣ್ಣಾರೆ ಕಂಡವರೇ ಆಗ ನಮ್ಮೂರಲ್ಲಿ ಬೆರಳೆಣಿಕೆಯಷ್ಟು! ತಮಾಷೆ ಇರಬೇಕೆಂದುಕೊಂಡೆವು. ಆದರೆ ಇಪ್ಪತ್ತೈದು ವರ್ಷ ತುಳಿದ ಹೊಲಿಗೆ ಮಷಿನ್ನನ್ನು ಹುಕ್ಕೇರಿಯ ಬೀಗರು ಟೆಂಪೋದಲ್ಲಿ ಹೇರಿಕೊಂಡು ಹೋದ ದಿನ ಮನೆಮಂದಿಯೆಲ್ಲ ಗರ ಬಡಿದವರಂತೆ ನಿಂತೆವು. ಕಾರಣ ಕೇಳಿದರೆ ಕಾಕಾ ಮಾತು ತೇಲಿಸಿಬಿಟ್ಟ.

ನನಗೊಂದು ಅನುಮಾನ ಕಾಡುತ್ತಿತ್ತು. ಅವನು ನನಗೆ ಕೊನೆಯದಾಗಿ ಹೊಲಿದ ಅಂಗಿಯ ಕಾಲರು ಸೊಟ್ಟಗಾಗಿತ್ತು. ನಾನದನ್ನು ತೊಟ್ಟು, ಕತ್ತು ಓರೆ ಮಾಡಿಕೊಂಡು ಅಂಗಳದ ತುಂಬ ನಡೆದು ಎಲ್ಲರನ್ನೂ ನಗಿಸಿದ್ದೆ. ಆ ಸಿಟ್ಟಿಗೇ ಹೀಗೆ ಮಾಡಿದನೇ?

ಒಮ್ಮೆ ಗೋಕಾಕದ ಆ ಕ್ಲಾಸಿಗೆ ಹೋಗಿ ನೋಡಿ ಬೆಚ್ಚಿಬಿದ್ದೆ. ಕಾಕಾನ ಕೊರಳಲ್ಲಿ ಅಳತೆ ಟೇಪು! ಎಡಗೈಯಿಂದ ಬಲ ಮುಂಗೈಯನ್ನು ಬಿಗಿಯಾಗಿ ಹಿಡಿದು, ಒಂದೇ ಬೆರಳಿನಿಂದ ಕೀಲಿ ಒತ್ತುತ್ತಿದ್ದ. ಇದು ಯಾವ ದೇಶದ ಟೈಪಿಂಗೋ! ಪ್ರೋಗ್ರಾಮನ್ನು ಮೊದಲು ಖಾಕಿ ಕಾಗದದ ಮೇಲೆ ಬರೆದು, ಕತ್ತರಿಯಿಂದ ಸಾಲುಗಳನ್ನು ಕತ್ತರಿಸಿ, ಗುಂಡುಪಿನ್ನು ಚುಚ್ಚಿ ಜೋಡಿಸುತ್ತಿದ್ದ.

"ಈ ಸಾಲು ಇಲ್ಲಿ ಜಗ್ಗಾಕತ್ತೈತ್ರಿ, ಬಗಲಾಗ ಹಚ್ಚಬೇಕು."

"ಕಾಕಾರ, ಪ್ರೋಗ್ರಾಮಿಗೆ ಬಗಲ ಇರೂದಿಲ್ರಿ!" ಎಂದ ಇಪ್ಪತ್ತೆರಡರ ಮಾಸ್ತರ.

"ಎಲ್ಲಕ್ಕೂ ಬಗಲ ಇರತೈತ್ರಿ. ನೀವಿನ್ನೂ ಸಣ್ಣಾವ್ರು."

ಅಷ್ಟರಲ್ಲಿ ನಾನು ಪಾಠ ಹೇಳುತ್ತಿದ್ದ ಹಳ್ಳಿಯ ಶಾಲೆಗೆ ಯಾರೋ ಪುಣ್ಯಾತ್ಮರು ಹಳೆಯದೊಂದು ಕಂಪ್ಯೂಟರ್ ದಾನ ಕೊಟ್ಟರು. ಮಕ್ಕಳ ಹೆಸರು, ವಯಸ್ಸು, ಎತ್ತರದ ಪಟ್ಟಿ ಮಾಡುವ ಪ್ರೋಗ್ರಾಮ್ ಬರೆದುಕೊಟ್ಟರೆ ಕಂಪ್ಯೂಟರ್ ಕಲಿಸುವ ಕೆಲಸ ಕಾಕಾನಿಗೇ ಎಂದರು ಹೆಡ್‌ಮಾಸ್ತರರು. ಸೋತರೆ ಈ ಕಡೆ ಕೆಲಸವೂ ಇಲ್ಲ, ಆ ಕಡೆ ಮಷಿನ್ನೂ ಇಲ್ಲ.

ಪಟ್ಟಿ ಸರಾಗವಾಗಿ ಅಚ್ಚಾಗಿ ಬಂತು. ಎಲ್ಲರೂ ಭೇಷ್ ಅಂದರು. ಮರುವಾರ ತಪಾಸಣೆಗೆ ಬಂದ ಡಾಕ್ಟರು ಪಟ್ಟಿ ಹಿಡಿದು ಮಕ್ಕಳನ್ನು ಒಬ್ಬೊಬ್ಬರಾಗಿ ಅಳೆದರು. ಹತ್ತನೆಯ ಮಗುವಿಗೆ ಬರುವಷ್ಟರಲ್ಲಿ ಅವರ ಮುಖ ಬಿಳಿಚಿತ್ತು.

"ಏನ್ರಿ ಹೆಡ್‌ಮಾಸ್ತರ್ರ, ನಿಮ್ಮ ಸಾಲ್ಯಾಗ ಮಕ್ಕಳು ಬೆಳಿಯೂದು ಬಿಟ್ಟು ಕುಗ್ಗಾಕತ್ತಾರಲ್ರಿ!"

ಪ್ರತಿ ಮಗುವೂ ಪಟ್ಟಿಯಲ್ಲಿದ್ದುದಕ್ಕಿಂತ ಸರಿಯಾಗಿ ಎರಡು ಇಂಚು ಗಿಡ್ಡ! ಕಾಕಾ ಕೈಮುಗಿದು ಎದ್ದ. "ಕುಗ್ಗಿಲ್ರಿ ಸಾಹೇಬ್ರ. ಬೆಳಿಯೂ ಹುಡುಗೂರಲ್ರಿ... ಪ್ರೋಗ್ರಾಮಿನ್ಯಾಗ ಎರಡು ಇಂಚು ಬಿಟ್ಟೇನ್ರಿ."

ಹೆಡ್‌ಮಾಸ್ತರರು ನನ್ನತ್ತ ತಿರುಗಿ, "ನಿಮ್ಮ ಕಾಕಾಗ ನಾಳಿಂದ ಬರಬ್ಯಾಡ ಅನ್ರಿ" ಎಂದರು.

ಮನೆಗೆ ಬಂದು ರೇಗಿದೆ. "ಯಾಕ ಬೇಕಿತ್ತು ಈ ಉಸಾಬರಿ? ಹುಕ್ಕೇರಿಗಿ ಹೋಗಿ ಮಷಿನ್ ತಗೊಂಡು ಬಾ!" ಕಾಕಾ ಎದ್ದು ಹೊರಗೆ ಹೋದ. ಕಾಕು ನನ್ನನ್ನು ಅಡುಗೆಮನೆಗೆ ಎಳೆದಳು.

"ಮಷಿನ್ ತಂದು ಏನ ಮಾಡ್ಲಿ ಅವ್ರು? ಎರಡು ವರ್ಷ ಆತು, ಕೈ ನಡಗಾಕತ್ತಾವು. ಸೂಜ್ಯಾಗ ದಾರ ನಾನ ಹಾಕಿ ಕೊಡ್ತಿದ್ನಿ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಸಿದ್ರು. 'ಬಟ್ಟಿ ತಪ್ಪಿ ಕತ್ರಿಸಿದ್ರ ಮಂದೀದು ಹಾಳಾಗತೈತಿ. ಕಂಪ್ಯೂಟರಿನ್ಯಾಗ ತಪ್ಪಿದ್ರ ಅಳಸಬಹುದು' ಅಂದ್ರು."

ಆ ಮುಂಗೈ ಹಿಡಿತ! ಆ ಸೊಟ್ಟ ಕಾಲರು! ಕತ್ತು ಓರೆ ಮಾಡಿ ಅಂಗಳದಲ್ಲಿ ಕುಣಿದ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನ ಅದೇ ಅಂಗಿ ತೊಟ್ಟು, ಕತ್ತು ನೆಟ್ಟಗಿಟ್ಟು, ಕಾಕಾನನ್ನು ಶಾಲೆಗೆ ಕರೆದೊಯ್ದೆ. ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡ ಮೇಲೆ ಹೆಡ್‌ಮಾಸ್ತರರು ಇನ್ನೊಂದೇ ಒಂದು ಅವಕಾಶ ಕೊಟ್ಟರು. ಕಾಕಾ ಮುಂಗೈ ಹಿಡಿದು ಕುಳಿತ. ಸಂಜೆಯ ಹೊತ್ತಿಗೆ ಎತ್ತರ ಇದ್ದಷ್ಟೇ ಬಂತು. ಜೊತೆಗೆ ಪ್ರತಿ ಹೆಸರಿಗೂ ಒಂದು ಪ್ರಶ್ನೆ, ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮದೇ ಮಾತು: "ಇನ್ನೂ ಬೆಳೀತಾರೇನು?" ಹೌದು ಎಂದರೆ ಮುಂದಿನ ವರ್ಷದ ಸಮವಸ್ತ್ರದ ಅಳತೆ ಪಕ್ಕದಲ್ಲಿ ಬೇರೆಯಾಗಿ ಮೂಡುತ್ತಿತ್ತು. ಹೆಡ್‌ಮಾಸ್ತರರು ಕನ್ನಡಕ ಏರಿಸಿ ನೋಡಿ, "ಸೋಮವಾರದಿಂದ ಕ್ಲಾಸ್ ತಗೋರ್ರಿ" ಎಂದರು.

ಪರೀಕ್ಷೆಗೆಂದು ಕಾಕಾ ಮೊದಲು ಯಾರದೋ ಒಂದು ಹೆಸರು ತುಂಬಿದ್ದ. ಬಗ್ಗಿ ಓದಿದೆ. ಅವನದೇ ಹೆಸರು. ವಯಸ್ಸು ನಲವತ್ತೇಳು. ಇನ್ನೂ ಬೆಳೀತಾರೇನು?

ಹೌದು.