ಕಾಕಾನ ವಿಮಾನದ ನಾಣ್ಯಗಳು

ಉಮರ್ಗಾದಲ್ಲಿ ವಿಮಾನದ ಬಗ್ಗೆ ಎಲ್ಲ ಬಲ್ಲವರು ಯಾರಾದರೂ ಇದ್ದರೆ ಅದು ನಮ್ಮ ಕಾಕಾ. ಏಣಿ ಹತ್ತಲು ಹೆದರುವವರು ಯಾರಾದರೂ ಇದ್ದರೆ ಅದೂ ನಮ್ಮ ಕಾಕಾನೇ! ಅಟ್ಟ ಹತ್ತಿ ಉಪ್ಪಿನಕಾಯಿ ಭರಣಿ ಇಳಿಸುವವಳು ಕಾಕಿ. ಕೆಳಗೆ ಏಣಿ ಹಿಡಿದು ಬೆವರುವವರು ಕಾಕಾ.

ರೈತರ ಕಾಳು ಕೊಂಡು ಮಾರುವ ಅಡತಿ ಅಂಗಡಿಯ ಈ ಮನುಷ್ಯನಿಗೆ ವಿಮಾನದ ಸ್ಮಾರಕ ನಾಣ್ಯಗಳ ಹುಚ್ಚು. ಮನುಷ್ಯ ಮೊದಲು ಹಾರಿದ್ದಕ್ಕೊಂದು, ಸಮುದ್ರ ದಾಟಿದ್ದಕ್ಕೊಂದು, ವಿಮಾನದಲ್ಲಿ ಟಪಾಲು ಹೋದದ್ದಕ್ಕೊಂದು, ಹೀಗೆ ದೇಶದೇಶಗಳ ಬೆಳ್ಳಿ ನಾಣ್ಯಗಳನ್ನು ತರಿಸಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಇಟ್ಟಿದ್ದರು. ತೊಗರಿ ಮಾರಲು ಬಂದವರಿಗೂ ತೋರಿಸಲೇಬೇಕು. ಬಿಳಿ ಕೈಗವಸು ತೊಟ್ಟು, ಡಬ್ಬಿ ತೆರೆದು, "ಉಸಿರು ಬಿಡಬ್ಯಾಡ್ರಿ, ಬೆಳ್ಳಿ ಕಪ್ಪಾಗ್ತದ" ಎನ್ನುವರು. ಕಾಸಾರಶಿರಸಿಯ ರೈತನೊಬ್ಬ ಮೂರು ನಾಣ್ಯಗಳವರೆಗೆ ಉಸಿರು ಹಿಡಿದ. ನಾಲ್ಕನೆಯದಕ್ಕೆ ಸೋತು, ತೊಗರಿ ಚೀಲ ಎತ್ತಿಕೊಂಡು ಪಕ್ಕದ ಅಂಗಡಿಗೆ ಹೋದ.

ಹೋದ ದೀಪಾವಳಿ ಮುಗಿದ ವಾರಕ್ಕೆ ಉದಗೀರಿನಲ್ಲಿ ನಾಣ್ಯ ಪ್ರದರ್ಶನವಿತ್ತು. ಮೊದಲ ಬಹುಮಾನ ತನಗೇ ಎಂದು ಕಾಕಾ ಹೊಸ ಕೋಟು ಬೇರೆ ಹೊಲಿಸಿದ್ದರು. ಅಷ್ಟರಲ್ಲಿ ಲಕ್ಷ್ಮೀಪೂಜೆ ಬಂತು. ಪೂಜೆಗೆ ಬೆಳ್ಳಿ ನಾಣ್ಯ ಬೇಕು. ಬೆಳ್ಳಿ ತಿಕ್ಕಲು ನಮ್ಮ ಮನೆಗಳಲ್ಲಿ ವಿಭೂತಿಯೇ ಬೇಕು. ಲಕ್ಷ್ಮಿಗೆ ಡಬ್ಬಿಯೊಳಗೆ ಉಸಿರು ಕಟ್ಟುವುದಿಲ್ಲವೇ ಎಂದು ಕಾಕಿ ಎಲ್ಲವನ್ನೂ ಬಿಚ್ಚಿದಳು. ವಿಭೂತಿ ಹಾಕಿ ತಿಕ್ಕಿ, ಹುಣಸೆನೀರಲ್ಲಿ ಜಳಕ ಮಾಡಿಸಿ, ಒಂದೊಂದು ವಿಮಾನಕ್ಕೂ ಅರಿಶಿನ ಕುಂಕುಮ ಏರಿಸಿದಳು. ಕನ್ನಡಿಯಂತಿದ್ದ ನಾಣ್ಯಗಳ ಮೈತುಂಬ ಗೀರು!

ಕಾಕಾ ಕೂಗಾಡಲಿಲ್ಲ. ಕಾಕಿಯೊಂದಿಗೆ ಮಾತು ಬಿಟ್ಟರು, ಅಷ್ಟೇ. ಎದುರಿಗೇ ಕೂತವಳಿಗೆ ಸಾರಿನಲ್ಲಿ ಉಪ್ಪು ಕಡಿಮೆ ಎಂಬ ಸುದ್ದಿಯೂ ಅವರ ಮನೆಯಲ್ಲೇ ಇದ್ದ ನನ್ನ ಮೂಲಕವೇ ಹೋಗಬೇಕು. ಏನು ಮಾಡಿಬಿಟ್ಟೆ ಎಂದು ತಿಳಿದ ಮೇಲೆ ಕಾಕಿಗೆ ತುತ್ತು ಇಳಿಯಲಿಲ್ಲ.

ಹೆಸರು ಕೊಟ್ಟಾಗಿತ್ತಲ್ಲ, ಮೂವರೂ ಉದಗೀರಿಗೆ ಹೋದೆವು. ಪರೀಕ್ಷಕರೊಬ್ಬರು ಭೂತಗನ್ನಡಿ ಹಿಡಿದು ನೋಡಿ, ಇಂಥ ನಾಣ್ಯಗಳನ್ನು ಪಾತ್ರೆ ತಿಕ್ಕಿದಂತೆ ತಿಕ್ಕಿದ ದಡ್ಡರು ಯಾರೆಂದು ಎಲ್ಲರೆದುರು ನಕ್ಕು ಕೇಳಿದರು. ಕಾಕಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

"ನಾನೇ ತಿಕ್ಕೀನ್ರೀ," ಎಂದರು ಕಾಕಾ. "ನನಗ ಅಕ್ಕಲ್ ಇರ್ಲಿಲ್ಲ."

ನಾಣ್ಯದ ವಿಷಯದಲ್ಲಿ ಯಾರೆದುರೂ ಸೋಲದ ಮನುಷ್ಯ! ಜನ ನಗುತ್ತಲೇ ಇದ್ದರು. ಕಾಕಾ ನಾಣ್ಯಗಳನ್ನು ಚೀಲಕ್ಕೆ ತುಂಬಿ, ವಾರದಲ್ಲಿ ಮೊದಲ ಸಲ ನೇರವಾಗಿ ಕಾಕಿಯತ್ತ ತಿರುಗಿದರು.

"ವಾರದಿಂದ ಸರಿ ಉಂಡಿಲ್ಲ ನೀ. ನಡಿ, ಮೊದಲ ಉಣ್ಣೋಣು."