ಕನ್ನಡಿಯ ಮೇಲೆ ದಾವೆ ಹೂಡಿದ ಮಹನೀಯರಿಗೆ ಕೆಳಮಹಡಿಯ ಕ್ಷೌರಿಕನ ಪತ್ರ

ಮಾನ್ಯ ವಾದಿ ಮಹಾಶಯರೇ,

ನಮ್ಮ ಅಂಗಡಿಯ ಮೇಲಿನ ಮಹಡಿಯಲ್ಲಿ ವಾಸವಾಗಿದ್ದು, ನಿವೃತ್ತಿಯ ನಂತರವೂ ಒಂದು ದಿನ ಸುಮ್ಮನೆ ಕೂರದೆ, ಇಡೀ ಬೀದಿಯನ್ನು ಕೋರ್ಟಿನ ಮೆಟ್ಟಿಲು ಹತ್ತಿಸಿ ನಮ್ಮೆಲ್ಲರ ಮೊಣಕಾಲುಗಳಿಗೆ ವ್ಯಾಯಾಮ ಒದಗಿಸಿದ ತಮಗೆ, ಕತ್ತರಿ ಬಾಚಣಿಗೆಗಳನ್ನು ಪಕ್ಕಕ್ಕಿಟ್ಟು, ಕೈ ತೊಳೆದುಕೊಂಡು, ಎದ್ದು ನಿಂತು ನಾನು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ಕ್ಷೇಮವಾಗಿಲ್ಲದಿದ್ದರೆ ಅದಕ್ಕೆ ನಾನು ಹೊಣೆಗಾರನಲ್ಲವೆಂಬುದನ್ನೂ ಇಲ್ಲೇ ವಿನಯಪೂರ್ವಕವಾಗಿ ದಾಖಲಿಸುತ್ತೇನೆ.

ತಮ್ಮ ಪರಿಶ್ರಮವನ್ನು ಎಷ್ಟು ಹೊಗಳಿದರೂ ಸಾಲದು. ಮಧ್ಯಾಹ್ನದ ಹೊತ್ತು ನಕ್ಕ ತಪ್ಪಿಗೆ ಎದುರಿನ ಶಿಶುವಿಹಾರದ ಮೇಲೆ, ತಮಗೆ ಮೂರು ಸೀನು ಬರಿಸಿದ ತಪ್ಪಿಗೆ ಹೂವಿನಂಗಡಿಯಾಕೆಯ ಮೇಲೆ, ಕರೆಗಂಟೆಯನ್ನು ಒಂದು ಸಲ ಒತ್ತಿದರೆ ಸಾಕಾಗಿದ್ದಲ್ಲಿ ಎರಡು ಸಲ ಒತ್ತಿದ ಅಂಚೆಯವನ ಮೇಲೆ ತಾವು ದಾವೆ ಹೂಡಿದಾಗಲೆಲ್ಲ ನನಗೆ ಒಳಗೊಳಗೇ ಬೇಜಾರಾಗುತ್ತಿತ್ತು. ಇಪ್ಪತ್ತು ವರ್ಷದಿಂದ ಇವರ ಕಾಲ ಕೆಳಗೇ ಅಂಗಡಿ ಇಟ್ಟುಕೊಂಡಿದ್ದೇನೆ, ನನ್ನೊಬ್ಬನನ್ನು ಮರೆತೇಬಿಟ್ಟರೇ ಎಂದುಕೊಳ್ಳುತ್ತಿದ್ದೆ. ತಾವು ಮರೆತಿರಲಿಲ್ಲ.

ಆ ದಿನ ತಾವು ಕೂದಲು ಕತ್ತರಿಸಿಕೊಂಡು, ಕುತ್ತಿಗೆಗೆ ಪೌಡರ್ ಹಾಕಿಸಿಕೊಂಡು, ಕನ್ನಡಿಯತ್ತ ಬಗ್ಗಿ ನೋಡಿ, "ಯಾರಯ್ಯ ಇದು?" ಎಂದು ಕೇಳಿದಿರಿ. ನಾನು ಯೋಚನೆ ಮಾಡದೆ "ನೀವೇ ಸಾರ್" ಎಂದುಬಿಟ್ಟೆ. ಹದಿನೈದನೆಯ ದಿನ ಸಮನ್ಸು ಬಂತು. ನನ್ನ ಕನ್ನಡಿಯು ದುರುದ್ದೇಶದಿಂದ ತಮ್ಮನ್ನು ವಾಸ್ತವಕ್ಕಿಂತ ಹನ್ನೊಂದು ವರ್ಷ ಹೆಚ್ಚು ವಯಸ್ಸಾದವರಂತೆ ತೋರಿಸಿ, ಇತರ ಮೂವರು ಗಿರಾಕಿಗಳ ಸಮ್ಮುಖದಲ್ಲಿ ತಮ್ಮ ಮಾನಕ್ಕೆ ಧಕ್ಕೆ ತಂದಿದೆ ಎಂದು ಅದರಲ್ಲಿತ್ತು. ಹತ್ತೂ ಅಲ್ಲ, ಹನ್ನೆರಡೂ ಅಲ್ಲ, ಹನ್ನೊಂದು! ಭೂಮಾಪನ ಇಲಾಖೆಯಲ್ಲಿ ಜೀವನವಿಡೀ ಸರಪಳಿ ಹಿಡಿದು ಅಳೆದವರ ಕರಾರುವಾಕ್ಕುತನಕ್ಕೆ ನಾನು ಮನಸಾರೆ ತಲೆಬಾಗಿದೆ.

ಕನ್ನಡಿ ಸಾಕ್ಷ್ಯವಸ್ತುವಾಯಿತು. ನಾಲ್ಕು ಜನ ಅದನ್ನು ಗೋಡೆಯಿಂದ ಬಿಚ್ಚಿ, ಬೀದಿಯುದ್ದಕ್ಕೂ ಹೊತ್ತುಕೊಂಡು ಹೋಗಿ, ಜಾಗವಿಲ್ಲದ ಕಾರಣ ಕೋರ್ಟಿನ ಮೊಗಸಾಲೆಯಲ್ಲಿ ಒರಗಿಸಿ ನಿಲ್ಲಿಸಿದರು. ಅಂದಿನಿಂದ ಆ ನ್ಯಾಯಾಲಯದ ವಕೀಲರಷ್ಟು ನೀಟಾಗಿ ಬೈತಲೆ ತೆಗೆದ ವಕೀಲರು ಬೇರೆಲ್ಲೂ ಸಿಗಲಾರರು. ನನ್ನ ಅಂಗಡಿಯಲ್ಲಿ ಮಾತ್ರ ಹದಿನಾಲ್ಕು ತಿಂಗಳು ಗಿರಾಕಿಗಳು ಬರೀ ಗೋಡೆ ನೋಡಿಕೊಂಡು ಕೂತರು. ತಲೆ ಹೇಗಾಯಿತೆಂದು ತಿಳಿಯಲು ಅವರಿಗಿದ್ದ ದಾರಿ ಒಂದೇ, ಕೂದಲು ಗುಡಿಸಲು ನಿಂತಿರುವ ನನ್ನ ಅಕ್ಕನನ್ನು ಕೇಳುವುದು. "ಅಕ್ಕಾ, ಹೇಗ್ ಕಾಣ್ತಿದೀನಿ?" ಎಂದು ಯಾರೋ ಆಸೆಯಿಂದ ಕೇಳಿದರೆ, ಅವಳು ಪೊರಕೆಯನ್ನು ಗದ್ದಕ್ಕೆ ಆನಿಸಿಕೊಂಡು ಎರಡು ನಿಮಿಷ ದಿಟ್ಟಿಸಿ, "ಕಿವಿ ಎರಡೂ ಇದಾವೆ, ಏಳಪ್ಪ" ಎನ್ನುತ್ತಿದ್ದಳು. ಮದುವೆ ಗೊತ್ತಾಗಿದ್ದ ಗಿರಾಕಿಯೊಬ್ಬರು ಅಷ್ಟಕ್ಕೇ ಅತ್ತುಬಿಟ್ಟರು.

ವಿಚಾರಣೆಯ ಒಂದೊಂದು ದಿನವೂ ನನಗೆ ಹಬ್ಬವಾಗಿತ್ತು. ಗಾಜಿನ ತಜ್ಞರೊಬ್ಬರು ಬಂದು ಇಡೀ ಬೆಳಗ್ಗೆ ಸಾಕ್ಷಿ ನುಡಿದರು. ಕನ್ನಡಿ ಸುಳ್ಳು ಹೇಳಬಲ್ಲುದೇ ಎಂದು ತಾವು ಗುಡುಗಿದಿರಿ. ಹೇಳಲಾರದು ಎಂದರು ಅವರು. ಹಾಗಾದರೆ ಎಡಗೈಯನ್ನು ಬಲಗೈಯೆಂದು ತೋರಿಸುವುದೇಕೆ ಎಂದು ತಾವು ಮೇಜು ಕುಟ್ಟಿದಾಗ ತಜ್ಞರು ಬೆವರಿದ್ದನ್ನು ಕಣ್ಣಾರೆ ಕಂಡೆ. ಎದುರು ಪಕ್ಷದವನಾಗಿದ್ದೂ ನಾನು ಚಪ್ಪಾಳೆ ತಟ್ಟಿ, ಗುಮಾಸ್ತರಿಂದ ಬೈಸಿಕೊಂಡೆ.

ನನ್ನ ನಗು ನಿಂತದ್ದು ಅಂದು ಹೊರಗೆ ಬಂದಾಗ. ಮೊಗಸಾಲೆಯ ಬೆಂಚಿನ ತುದಿಯಲ್ಲಿ ಒಬ್ಬ ಹೊಲಿಗೆಯಾಕೆ ಕೂತಿದ್ದರು. ನನ್ನ ಪ್ರತಿಯೊಂದು ದಿನಾಂಕಕ್ಕೂ ಅವರನ್ನು ಅಲ್ಲಿ ನೋಡಿದ್ದೆ, ಯಾಕೆ ಬರುತ್ತಾರೆಂದು ಕೇಳಿರಲಿಲ್ಲ. ಅವರು ದುಡಿಯುತ್ತಿದ್ದ ಉಡುಪಿನ ಕಾರ್ಖಾನೆಯಲ್ಲಿ, ಕೆಲಸ ಬೇಗ ಸಾಗಲೆಂದು ಆಡಳಿತದವರು ಇಸ್ತ್ರಿ ಯಂತ್ರದ ರಕ್ಷಣಾ ತಡೆಯನ್ನು ಬಿಚ್ಚಿಟ್ಟಿದ್ದರಂತೆ. ಅವರ ಬಲಗೈ ಅದರೊಳಗೆ ಸಿಕ್ಕಿಕೊಂಡಿತ್ತು. ಆರು ವರ್ಷದ ಹಿಂದಿನ ಮಾತು. ಪ್ರಕರಣಗಳ ಪಟ್ಟಿಯಲ್ಲಿ ಅವರದು ಸದಾ ನಮ್ಮದರ ಕೆಳಗಿನ ಸಾಲು. ನಮ್ಮದು ಮುಗಿಯುವಷ್ಟರಲ್ಲಿ ಹೊತ್ತು ಮೀರಿ, ಅವರಿಗೆ ಮುಂದಿನ ದಿನಾಂಕ ಸಿಗುತ್ತಿತ್ತು. ಇಷ್ಟನ್ನೂ ಸಿಟ್ಟಿಲ್ಲದೆ ಹೇಳಿ ಕೊನೆಗೆ, "ಅಣ್ಣಾ, ನಿಮ್ಮ ಕನ್ನಡಿ ಒಂಚೂರು ಬೇಗ ಮುಗಿಸ್ಕೊಳ್ಳಿ. ನನ್ನ ಕೈ ಅದರ ಹಿಂದೆ ನಿಂತಿದೆ" ಎಂದರು.

ಮಹಾಶಯರೇ, ನನಗೆ ಬಂದ ನಾಚಿಕೆಯಲ್ಲಿ ಅರ್ಧ ಪಾಲು ನ್ಯಾಯವಾಗಿ ತಮಗೆ ಸೇರಬೇಕಾದದ್ದು. ತಾವು ಕೋರ್ಟಿನಲ್ಲಿ ಬಿಟ್ಟುಹೋಗಿದ್ದರಿಂದ ನಾನೇ ಪೂರ್ತಿ ಹೊತ್ತುಕೊಂಡು ಮನೆಗೆ ತಂದೆ.

ಮರುವಾರವೇ ನಮ್ಮ ಅಂಗಡಿಯಲ್ಲಿ ಸಮಿತಿಯೊಂದು ಹುಟ್ಟಿತು. ಹಿರಿಯ ನ್ಯಾಯಾಧೀಶರಿಗೆ ಒಂದು ಮನವಿ ಬರೆದೆವು. ಯಾವುದೇ ದಾವೆಯಲ್ಲಿ ಹುರುಳಿದೆಯೇ ಎಂದು ಸಮನ್ಸು ಹೊರಡುವ ಮೊದಲೇ ಹತ್ತು ನಿಮಿಷ ನೋಡಬೇಕು, ಮೇಲಿಂದ ಮೇಲೆ ಹುರುಳಿಲ್ಲದ ದಾವೆ ಹೂಡುವವರು ಮುಂದಿನದಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು, ಮೈಗೆ ಪೆಟ್ಟಾದವರ ಪ್ರಕರಣವನ್ನು ದಿನದ ಮೊದಲಿಗೇ ಕೂಗಬೇಕು ಎಂದು ಕೋರಿದೆವು. ಸಹಿ ಸಂಗ್ರಹಕ್ಕೆ ಕ್ಷೌರದಂಗಡಿಯಂಥ ಜಾಗ ಇನ್ನೊಂದಿಲ್ಲ. ಅರ್ಧ ಗಡ್ಡ ಹೋದವನು ಸಹಿ ಹಾಕದೆ ಎಲ್ಲಿಗೆ ತಾನೇ ಹೋದಾನು?

ನಾಲ್ಕನೆಯ ದಿನ ಅದೇ ಉಡುಪಿನ ಕಾರ್ಖಾನೆಯ ವ್ಯವಸ್ಥಾಪಕರು ಕಾರಿನಿಂದಿಳಿದು ಬಂದು, "ಒಳ್ಳೇ ಕೆಲಸ ಕಣ್ರೀ, ಕಂಡ ಕಂಡವರೆಲ್ಲ ಕೇಸ್ ಹಾಕೋದು ನಿಲ್ಲಬೇಕು" ಎಂದು ಪೆನ್ನು ತೆಗೆದರು. ಪಕ್ಕದ ಕುರ್ಚಿಯಲ್ಲಿ, ಸಮಿತಿಯ ಕೆಲಸಕ್ಕೆ ಬಂದಿದ್ದ ಹೊಲಿಗೆಯಾಕೆ ಇದ್ದರು. ಅವರ ದಾವೆಯನ್ನೂ ಕಾರ್ಖಾನೆಯ ವಕೀಲರು ಹುರುಳಿಲ್ಲದ್ದು ಎಂದೇ ಕರೆಯುತ್ತಿದ್ದರೆಂದು ನನಗೆ ಗೊತ್ತಾದದ್ದು ಆಗಲೇ. "ಕೋರ್ಟಿನ ಬಾಗಿಲು ಚಿಕ್ಕದು ಮಾಡಿಸ್ಬೇಡಿ ಅಣ್ಣಾ. ಮಾಡಿಸಿದ್ರೆ ಮೊದಲು ಹೊರಗುಳಿಯೋಳು ನಾನೇ" ಎಂದರು ಅವರು. ಅಕ್ಕ ವ್ಯವಸ್ಥಾಪಕರ ಕೈಯಿಂದ ಹಾಳೆ ಕಸಿದುಕೊಂಡು, "ಕಟಿಂಗ್ ಮಾಡಿಸ್ಕೊಳ್ಳೋದಾದ್ರೆ ಕೂತ್ಕೊಳ್ಳಿ" ಎಂದಳು. ಅವರು ಕೂರಲಿಲ್ಲ. ನಾವು ಮನವಿಯನ್ನು ಮತ್ತೆ ಬರೆದು, ಆ ಹತ್ತು ನಿಮಿಷದಲ್ಲಿ ವಕೀಲರಿಲ್ಲದವರ ನೆರವಿಗೆ ಒಬ್ಬರು ಕೂರಬೇಕು, ಕಾರಣವನ್ನು ಬರಹದಲ್ಲಿ ಕೊಡದೆ ಯಾರನ್ನೂ ವಾಪಸು ಕಳಿಸಕೂಡದು ಎಂದು ಸೇರಿಸಿದೆವು.

ಆಗ ತಾವು ತಮ್ಮ ಜೀವಮಾನದ ಶ್ರೇಷ್ಠ ಕೃತಿಯನ್ನು ರಚಿಸಿದಿರಿ. ಇಡೀ ಬೀದಿಯಿಂದ ಸಹಿ ಪಡೆದು ತಮ್ಮೊಬ್ಬರನ್ನು ಬಿಟ್ಟದ್ದು ತಾರತಮ್ಯವೆಂದು ಸಮಿತಿಯ ಮೇಲೆಯೇ ದಾವೆ! ಸಮನ್ಸನ್ನು ನಾನು ಗಿರಾಕಿಗಳಿಗೆ ಮೂರು ಸಲ ಓದಿ ಹೇಳಿದೆ. ನಕ್ಕು ನಕ್ಕು ಒಬ್ಬರ ಮೀಸೆ ಒಂದು ಕಡೆ ಹೆಚ್ಚಾಗಿಯೇ ಕತ್ತರಿಸಿಹೋಯಿತು, ಅದು ನನ್ನ ಕೈತಪ್ಪು, ಅವರು ದಾವೆ ಹೂಡಲಿಲ್ಲ.

ವಿಚಾರಣೆಯ ದಿನ ನ್ಯಾಯಾಧೀಶೆ ಕಡತ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. "ಇವರಿಂದ ನಿಮಗೇನು ಬೇಕು?" ಎಂದು ತಮ್ಮನ್ನು ಕೇಳಿದರು. "ನನ್ನನ್ನೂ ಕೇಳಬೇಕಾಗಿತ್ತು ಸ್ವಾಮಿ. ಯಾರೂ ಕೇಳೋದೇ ಇಲ್ಲ" ಎಂದಿರಿ ತಾವು. ಆ ಎರಡನೆಯ ಮಾತು ಹೇಳುವಾಗ ತಮ್ಮ ದನಿ ಸ್ವಲ್ಪ ಕೆಳಗಿಳಿಯಿತು, ನನಗೆ ಕೇಳಿಸಿತು. ನ್ಯಾಯಾಧೀಶೆ ನನ್ನ ಕಡೆ ತಿರುಗಿ, "ಹಾಗಾದ್ರೆ ಈಗ ಕೇಳಿ" ಎಂದರು. ತುಂಬಿದ ಕೋರ್ಟಿನಲ್ಲಿ ನಾನು ಕೈಜೋಡಿಸಿ, "ಸಾರ್, ದಯವಿಟ್ಟು ಒಂದು ಸಹಿ ಹಾಕ್ತೀರಾ?" ಎಂದೆ. ತಾವು ಮನವಿಯನ್ನು ಮೊದಲಿಂದ ಕೊನೆಯವರೆಗೆ ಓದಿ, ಎರಡು ಕಾಗುಣಿತದ ತಪ್ಪು ತಿದ್ದಿ, ಮೇಲಿಂದ ಮೇಲೆ ದಾವೆ ಹೂಡುವವರಿಗೆ ಅನುಮತಿ ಕಡ್ಡಾಯವೆಂಬ ಸಾಲಿನ ನೇರ ಕೆಳಗೆ, ಸುರುಳಿ ಸುರುಳಿಯಾಗಿ, ದಿನಾಂಕ ಸಮೇತ ಸಹಿ ಹಾಕಿದಿರಿ. ನ್ಯಾಯಾಧೀಶೆ ಮುಗುಳ್ನಗೆ ಅದುಮಿಕೊಂಡು, ವಿವಾದ ಇತ್ಯರ್ಥವಾಯಿತು ಎಂದು ಬರೆಸಿ, ಕನ್ನಡಿಯ ದಾವೆಯನ್ನೂ ಅದೇ ಉಸಿರಿನಲ್ಲಿ ವಜಾ ಮಾಡಿದರು.

ಗಡಿಯಾರದಲ್ಲಿ ಇನ್ನೂ ಹನ್ನೊಂದೂವರೆ ಆಗಿರಲಿಲ್ಲ. ಗುಮಾಸ್ತರು ಮುಂದಿನ ಸಾಲು ಕೂಗಿದರು. ಹೊಲಿಗೆಯಾಕೆ ತಮ್ಮದೇ ಹೌದೋ ಅಲ್ಲವೋ ಎಂದು ಅನುಮಾನಿಸುತ್ತಾ ಎದ್ದುನಿಂತು, ಕಟಕಟೆ ಹತ್ತಿ, ಸೆರಗಿನಡಿಯಿಂದ ಕೈ ಹೊರಗೆ ತೆಗೆದು ನಲವತ್ತು ನಿಮಿಷ ಮಾತಾಡಿದರು. ತಾವೂ ಹೊರಗೆ ಹೋಗದೆ ಕೊನೆಯ ಬೆಂಚಿನಲ್ಲಿ ಕೂತಿದ್ದಿರಿ. ಆರು ವಾರಕ್ಕೆ ತೀರ್ಪು ಅವರ ಪರವಾಗಿ ಬಂತು. ನಮ್ಮ ಮನವಿಯನ್ನು ಹಿರಿಯ ನ್ಯಾಯಾಧೀಶರು ಒಂದು ವರ್ಷದ ಮಟ್ಟಿಗೆ ಪ್ರಯೋಗವಾಗಿ ಒಪ್ಪಿದ್ದಾರೆ.

ಇಷ್ಟೆಲ್ಲ ಸಾಧ್ಯವಾದದ್ದು ತಮ್ಮಿಂದ. ಆದ್ದರಿಂದ ತಮ್ಮ ಪ್ರತಿಭೆಯನ್ನು ನಮ್ಮಂಥ ಬಡಪಾಯಿಗಳ ಮೇಲೆ ವ್ಯರ್ಥ ಮಾಡದೆ, ಇನ್ನು ಮುಂದೆ ಗುರುತ್ವಾಕರ್ಷಣೆಯ ಮೇಲೆ ಹೂಡಬೇಕಾಗಿ ಪ್ರಾರ್ಥನೆ. ಕೂದಲು ಯಾವಾಗಲೂ ಕೆಳಗೇ ಬೀಳುವುದರಿಂದ ನನ್ನ ಅಕ್ಕ ದಿನಕ್ಕೆ ಎಂಟು ಸಲ ಗುಡಿಸಬೇಕಾಗಿದೆ. ಪ್ರತಿವಾದಿಗೆ ಸಮನ್ಸು ತಲುಪಿಸುವುದು ಕಷ್ಟವಾದರೆ ಮೇಲಿನಿಂದ ಬಿಟ್ಟರೆ ಸಾಕು, ತಾನಾಗಿಯೇ ತಲುಪುತ್ತದೆ.

ಹದಿನಾಲ್ಕು ತಿಂಗಳ ಸಹವಾಸದಿಂದ ಬಿಡಿಸಿಕೊಳ್ಳಲಾಗದಷ್ಟು ಹತ್ತಿರವಾಗಿಹೋದ,
ತಮ್ಮ ವಿಶ್ವಾಸಿ,
ಮಾಜಿ ಪ್ರತಿವಾದಿ, ಹಾಲಿ ಕ್ಷೌರಿಕ

ಮರೆತ ಮಾತು: ಈ ಪತ್ರದ ಮೇಲೂ ದಾವೆ ಹೂಡುವ ಮನಸ್ಸಾದರೆ ತಮಗೆ ಸಂಪೂರ್ಣ ಹಕ್ಕಿದೆ, ಅನುಮತಿಯ ಅರ್ಜಿಯನ್ನು ಮೊಗಸಾಲೆಯ ನೆರವಿನ ಮೇಜಿನಲ್ಲಿ ಬರೆಸಬೇಕು. ಅಲ್ಲಿ ಕೂರಲು ಹೊಲಿಗೆಯಾಕೆ ಒಪ್ಪಿಕೊಂಡಿದ್ದಾರೆ. ಈಗಷ್ಟೇ ಎಡಗೈಯಲ್ಲಿ ಬರೆಯಲು ಕಲಿತಿರುವುದರಿಂದ ಬರವಣಿಗೆ ತುಸು ನಿಧಾನ. ತಾವು ಅವರ ಎದುರಿನ ಕುರ್ಚಿಯಲ್ಲಿ ಕೂತು, ಅವರ ಮುಖ ನೋಡುತ್ತಾ, ತಮಗಾದ ನೋವನ್ನು ಒಂದೊಂದೇ ಪದವಾಗಿ ಹೇಳಬೇಕಾಗುತ್ತದೆ.