ಭೂತಪ್ಪನ ಲಾರಿಯ ಮುಳ್ಳು

"ಮತ್ತೆ ಬಿತ್ತು! ಸೊನ್ನೆ!" ಎಂದು ಬಾಲು ಕೂಗಿದ್ದೇ ತಡ, ಭೂತಪ್ಪ ಒಂದು ಕೈಯನ್ನು ಸ್ಟೀರಿಂಗಿನಲ್ಲಿಟ್ಟು ಇನ್ನೊಂದರಿಂದ ಡ್ಯಾಶ್‌ಬೋರ್ಡಿಗೆ ಗುದ್ದಿದ. ಆಯಿಲ್ ಪ್ರೆಶರ್ ಮೀಟರಿನ ಮುಳ್ಳು ಬೆಚ್ಚಿ ಮೇಲೆದ್ದಿತು. ಚಕ್ರ ಮುಂದಿನ ಹೊಂಡಕ್ಕೆ ಇಳಿಯುತ್ತಲೇ ಮತ್ತೆ ಮಲಗಿತು. ಮದುವೆ ಮನೆಯಲ್ಲಿ ಎಲೆ ಹಾಕಿದರೋ ಇಲ್ಲವೋ ಎಂದು ಗಳಿಗೆಗೊಮ್ಮೆ ಎದ್ದು ಕೂರುವ ನೆಂಟನ ಹಾಗೆ.

"ಇಂಜಿನ್ ಸೀಜ್ ಆಗ್ತದೆ ಭೂತಪ್ಪಣ್ಣ. ನಮ್ ಭಾವನ ಗಾಡೀದೂ ಹಿಂಗೇ ಆಗಿದ್ದು."

"ನಿನ್ ಭಾವಂಗೆ ಗಾಡಿ ಎಲ್ಲಿತ್ತಾ?"

"ಭಾವನ ದೋಸ್ತಂದು."

ಬಾಲು ಭೂತಪ್ಪನ ಪಕ್ಕದ ಮನೆಯವನು. ಯಾರೂ ಕರೆಯದಿದ್ದರೂ ನಿಟ್ಟೂರಿನಲ್ಲೇ ಲಾರಿ ಹತ್ತಿ ಕೂತಿದ್ದ. ವ್ಯಾಪಾರಕ್ಕೆ ಮಾತು ಬಲ್ಲವನೊಬ್ಬ ಬೇಕಂತೆ.

ವ್ಯಾಪಾರವೆಂದರೆ ಅದಲುಬದಲು. ಭೂತಪ್ಪನ ಲಾರಿ ಅರಳಸುರಳಿಯ ಮಧುಸೂದನ ಮೇಷ್ಟ್ರಿಗೆ, ಅವರ ಲಗೇಜ್ ಆಟೋ ಭೂತಪ್ಪನಿಗೆ. ಭೂತಪ್ಪನ ಮದುವೆಗಿಂತ ಹಳೆಯದಾದ ಈ ಲಾರಿಯ ಸೀಟು ಅವನ ಬೆನ್ನುಮೂಳೆಯನ್ನು ಚಕ್ಕುಲಿ ಮಾಡಿಟ್ಟಿತ್ತು. "ಲಾರಿ ಬೇಕೋ ಬೆನ್ನು ಬೇಕೋ, ಒಂದು ಹೇಳು" ಎಂದಿದ್ದರು ಡಾಕ್ಟರು. ನಾಳೆ ಸಾಗರದವರು ಯಾರೋ ಅದೇ ಆಟೋ ನೋಡಲು ಬರುವವರಿದ್ದರು. ಇವತ್ತು ಆದರೆ ಆಯಿತು.

ಮೇಷ್ಟ್ರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಗಾಡಿ ಹಳೇದಾದ್ರೂ ಅಡ್ಡಿಲ್ಲೆ. ಮೀಟರೆಲ್ಲ ಸರಿ ಇರ್ಬೇಕು. ನಾನು ವಿಜ್ಞಾನದವ, ಮುಳ್ಳು ಹೇಳಿದ್ದನ್ನ ಮಾತ್ರ ನಂಬೋದು."

ಆ ಮುಳ್ಳಿಗೋ ಹೋದ ವಾರದಿಂದ ಬುದ್ಧಿ ನೆಟ್ಟಗಿರಲಿಲ್ಲ.

ಹೊಸನಗರದಲ್ಲಿ ಶಿವು ಎಂಬವನ ಗ್ಯಾರೇಜು. ಲಾರಿ ನಿಂತದ್ದೇ ಚಹಾದ ಲೋಟ ಹಿಡಿದವರೆಲ್ಲ ಸುತ್ತ ನೆರೆದರು. ಆಯಿಲ್ ತೆಳುವಾಗಿದೆ ಅಂದ ಒಬ್ಬ. ಪಂಪು ಹೋಗಿದೆ ಅಂದ ಇನ್ನೊಬ್ಬ. ಬೇರಿಂಗು ಸವೆದಿದೆ ಅಂದವನು ಸೈಕಲ್ಲನ್ನೂ ತುಳಿದವನಲ್ಲ, ಪಂಚಾಯ್ತಿ ಎಲೆಕ್ಷನ್ನಿಗೆ ನಿಂತು ಸೋತವನು. ಶಿವು ಎಲ್ಲರ ಮಾತನ್ನೂ ಗೌರವಿಸಿದ: ಆಯಿಲ್ ಬದಲಿಸಿದ, ಫಿಲ್ಟರ್ ಬದಲಿಸಿದ. ಮುಳ್ಳು ಕುಣಿಯುತ್ತಲೇ ಇತ್ತು. ಕೊನೆಗೆ ಬೇರೆ ದಾರಿ ಕಾಣದೆ ತನ್ನ ಬುದ್ಧಿಯನ್ನೇ ಉಪಯೋಗಿಸಿದ. ಇಂಜಿನ್ನಿನ ಮೈಗೇ ತನ್ನದೊಂದು ಮೀಟರು ಸಿಕ್ಕಿಸಿ ಸ್ಟಾರ್ಟ್ ಮಾಡಿಸಿದ. ಅದರ ಮುಳ್ಳು ಸರಿಯಾದ ಅಂಕಿಗೆ ಏರಿ ಅಲ್ಲಾಡದೆ ನಿಂತಿತು.

"ಇಂಜಿನ್ ಗುಂಡುಕಲ್ಲು ಇದ್ದಂಗಿದೆ. ಸುಳ್ಳು ಹೇಳ್ತಿರೋದು ತಂತಿ" ಎಂದು ಟಾರ್ಚು ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿದ. "ಸಿಕ್ತು! ಉದ್ದದ್ದೊಂದು ಸ್ಕ್ರೂ ಆಚೆಯಿಂದ ಬಂದು ತಂತಿಗೆ ಚುಚ್ಚಿದೆ. ಗಾಡಿ ಎಗರಿದಾಗೆಲ್ಲ ತಾಗಿ ಅರ್ತ್ ಆಗ್ತದೆ, ಮುಳ್ಳು ಸೊನ್ನೆಗೆ ಬೀಳ್ತದೆ. ಯಾವ ಬೇವರ್ಸಿ ಹಾಕಿದ್ದು ಇದನ್ನ?"

ಬೇವರ್ಸಿ ಎದುರೇ ನಿಂತಿದ್ದ. ಹೋದ ವಾರ ಯಾರೋ ಲಾರಿಯ ಜಾಕ್ ಕದ್ದಾಗ ಭೂತಪ್ಪ, ಊರ ತೋಟ, ಗೇಟು, ಪಂಪ್‌ಸೆಟ್ಟುಗಳ ಮೇಲೆಲ್ಲ ಇರುವಂಥ ತಗಡಿನ ಬೋರ್ಡೊಂದನ್ನು ತಂದಿದ್ದ. 'ಶ್ರೀ ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ.' ಅದಿರುವಲ್ಲಿ ಕೈಹಾಕಿದವನನ್ನು ದೇವಿ ಬಿಡುವುದಿಲ್ಲವೆಂದು ಕಳ್ಳರಿಗೂ ಗೊತ್ತು. ಬಾಗಿಲ ಚೌಕಟ್ಟಿಗೆ ತಂದು ಉಳಿದಿದ್ದ ಸ್ಕ್ರೂಗಳಿಂದ ಅದನ್ನು ಮೀಟರಿನ ಪಕ್ಕದಲ್ಲೇ ಬಿಗಿದಿದ್ದ.

ಶಿವು ತಲೆ ಹೊರಗೆ ತೆಗೆದು ಬೋರ್ಡು ಓದಿದ. ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟ.

"ಬಿಚ್ಚಾ" ಅಂದ ಭೂತಪ್ಪ.

"ನಾನಾ? ನನ್ ಹೆಂಡ್ತಿ ಬಸುರಿ."

"ಹಂಗಾರೆ ತಂತಿ ಕತ್ತರ್ಸು."

"ದೇವಿ ಹಿಡ್ಕಂಡಿರೋ ತಂತೀನ ನಾನು ಕತ್ತರಿಸ್ಲಾ? ಬೇಕಾದ್ರೆ ಇಂಜಿನ್ ಇಳಿಸಿಕೊಡ್ತೀನಿ."

ಬಾಲುವನ್ನು ಬಿಚ್ಚೆಂದರೆ ಅವನಿಗೆ ಗೃಹಪ್ರವೇಶವಿತ್ತು. ಬೇರಿಂಗಿನವನಿಗೆ ಮತ್ತೆ ಎಲೆಕ್ಷನ್ನು. ಚಹಾದ ಲೋಟಗಳು ಒಂದೊಂದಾಗಿ ಕರಗಿದವು. ಭೂತಪ್ಪ ಬೆನ್ನು ನೀವಿಕೊಂಡ. ಕಣ್ಣು ಮುಚ್ಚಿ, "ತಾಯಿ, ಕಾವಲು ಬೇಡ ಅಂತಲ್ಲ, ಸ್ಕ್ರೂ ಉದ್ದ ಆಗಿದೆ ಅಷ್ಟೇ" ಎಂದು ಕೈಮುಗಿದು ತಾನೇ ಸ್ಕ್ರೂ ತಿರುಗಿಸಿ ಬೋರ್ಡು ಬಿಚ್ಚಿದ. ಶಿವು ತಂತಿಗೆ ಟೇಪು ಸುತ್ತಿದ. ಮುಳ್ಳು ಶಾಲಾ ತಪಾಸಣೆಯ ದಿನದ ಹುಡುಗನಂತೆ ನೆಟ್ಟಗೆ ನಿಂತಿತು.

ಅರಳಸುರಳಿಯಲ್ಲಿ ಮಧುಸೂದನ ಮೇಷ್ಟ್ರು ಲಾರಿಯನ್ನು ಹೊಂಡಗಳ ಮೇಲೆ ಹುಡುಕಿ ಹುಡುಕಿ ಓಡಿಸಿದರು. ಮುಳ್ಳು ಕದಲಲಿಲ್ಲ.

"ಭೇಷ್! ನೋಡಿ, ಯಂತ್ರಕ್ಕೆ ಮಂತ್ರ ಬೇಕಿಲ್ಲೆ" ಎಂದವರೇ ಇಳಿದು ಆಟೋದ ಕೀಲಿಯನ್ನು ಮುಂದೆ ಚಾಚಿದರು. ಭೂತಪ್ಪನ ಬೆನ್ನು ಆಗಲೇ ಅರ್ಧ ವಾಸಿಯಾಗಿತ್ತು.

ಮಾತು ಬಲ್ಲವನು ಬಾಯಿಬಿಟ್ಟ. "ನಮ್ ಭೂತಪ್ಪಣ್ಣಂದು ಎಂಥ ಧೈರ್ಯ ಅಂತೀರಿ ಮೇಷ್ಟ್ರೇ! ಸಿಗಂದೂರಮ್ಮನ ಬೋರ್ಡು, ಹೊಸನಗರದಲ್ಲಿ ಒಬ್ಬರೂ ಮುಟ್ಲಿಲ್ಲ. ಇವನು ಸಲೀಸಾಗಿ ಬಿಚ್ಚಿ ಸೀಟಿನಡಿ ಹಾಕ್ದ!"

ಕೀಲಿ ನಡುದಾರಿಯಲ್ಲೇ ನಿಂತಿತು.

"ಬಿಚ್ಚಿದ್ಯಾ?"

"ತಗಡಲ್ವಾ ಮೇಷ್ಟ್ರೇ. ತಂತಿಗೆ ತಾಗ್ತಿತ್ತು. ವಿಜ್ಞಾನ."

"ವಿಜ್ಞಾನ ಸರಿ ಮಾರಾಯ. ಅದು ಪಾಠಕ್ಕೆ."

ಗಾಳಿಗೆ ಆಟೋದ ಪರದೆ ಹಾರಿತು. ಒಳಗೆ ಅಂಥದ್ದೇ ಬೋರ್ಡು, ಇನ್ನೂ ಬಾಡದ ಚೆಂಡು ಹೂವಿನೊಂದಿಗೆ. ಭೂತಪ್ಪ ನೋಡಿದ. ಭೂತಪ್ಪ ನೋಡಿದ್ದನ್ನು ಮೇಷ್ಟ್ರು ನೋಡಿದರು.

"ಅದು ಅಮ್ಮ ಹಾಕ್ಸಿದ್ದು" ಎಂದು ಕೀಲಿಯನ್ನು ಜೇಬಿಗೆ ಇಳಿಸಿದರು. "ಕಾವಲು ಎಬ್ಬಿಸಿದ ಗಾಡೀನ ನಾನು ಅಂಗಳಕ್ಕೆ ತರೋದಾ? ಆ ಕೈಗೆ ನನ್ನ ಆಟೋ ಕೊಡೋದಾ?"

"ಗಿಡ್ಡ ಸ್ಕ್ರೂ ಹಾಕಿ ಈಗ್ಲೇ ಕೂರಿಸ್ತೀನಿ. ನಿಮ್ಮೆದುರಿಗೇ."

"ಬೇಡ."

"ಆಟೋನೂ ಬೇಡ ನಂಗೆ. ಲಾರಿ ಸುಮ್ನೆ ಇಟ್ಕೊಳಿ, ನಾನು ಬಸ್ಸಿಗೆ ಹೋಗ್ತೀನಿ. ಬೆನ್ನಾದ್ರೂ ಉಳೀಲಿ" ಎಂದು ಭೂತಪ್ಪ ಲಾರಿಯ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಮಾಡಿದ.

ವಿಜ್ಞಾನದ ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು ಗೇಟು ಎಳೆದುಕೊಂಡರು.

"ಪುಕ್ಕಟೆ ಕೊಟ್ರೂ ಬೇಡ."